ಬಾಣಂತಿ ಕೋಣೆಗೆ ಬಂದ ಫೈಲು

ಮಾಲವಿಕಾ ಮೆಣಸಿನ ಸಾರಿನ ಅನ್ನ ಕಲಸಿ ಮೊದಲ ತುತ್ತು ಎತ್ತುವಷ್ಟರಲ್ಲಿ ಅಣ್ಣ ಯಶವಂತ ಕೋಣೆಯ ಬಾಗಿಲಿಗೆ ಬಂದು ನಿಂತ. ಬಾಣಂತಿ ಊಟಕ್ಕೆ ಕೂತಾಗ ಗಂಡಸರು ಒಳಗೆ ಕಾಲಿಡಬಾರದು ಎಂಬುದು ಆ ಮನೆಯ ಕಟ್ಟಳೆ. ಅವನಿಗೂ ಗೊತ್ತು. ಆದರೂ ಬಂದ. ಸ್ಟೂಲಿನ ಮೇಲಿದ್ದ ಮಗುವಿನ ಎಣ್ಣೆ ಬಟ್ಟಲನ್ನು ಸರಿಸಿ ಒಂದು ನೀಲಿ ಫೈಲು ಇಟ್ಟ.

"ಊಟ ಆದ್ಮೇಲೆ ಓದು. ಉತ್ತರ ಬರ್ದು ಕೊಟ್ರೆ ನಾಳೆ ಮೂಡಿಗೆರೆಯಲ್ಲಿ ಟೈಪ್ ಮಾಡಿಸ್ತೀನಿ."

"ಎಂತದು?"

"ನಿಮ್ಮ ಆಫೀಸಿಂದ್ಲೇ ಬಂದಿದ್ದು. ನನ್ನ ಪೇಟೆಂಟ್ ಅರ್ಜಿಯ ಪರೀಕ್ಷಾ ವರದಿ. ಐದು ಆಕ್ಷೇಪ ಹಾಕಿದಾರೆ."

ಮಾಲವಿಕಾ ತುತ್ತನ್ನು ತಟ್ಟೆಗೆ ಬಿಟ್ಟಳು. "ತಗೊಂಡ್ಹೋಗು ಅಣ್ಣ. ನಾನು ಅದನ್ನ ಮುಟ್ಟೋ ಹಾಗಿಲ್ಲ."

"ಎಂತಕ್ಕೆ? ಮೈಲಿಗೆ ನಿಂಗೆ ಮಾತ್ರ ಅಂದ್ಕೊಂಡಿದ್ದೆ. ನನ್ನ ಫೈಲಿಗೂ ಬಂತಾ?"

"ತಮಾಷೆ ಅಲ್ಲ. ನಮ್ಮಲ್ಲಿ ಕೆಲಸ ಮಾಡೋರು ಯಾರ ಅರ್ಜಿಗೂ ಉತ್ತರ ಬರ್ದು ಕೊಡಬಾರ್ದು. ಕಾನೂನಲ್ಲೇ ಇದೆ. ಗೊತ್ತಾದ್ರೆ ಕೆಲಸ ಹೋಗುತ್ತೆ."

"ಯಾರಿಗೆ ಗೊತ್ತಾಗುತ್ತೆ? ಬಾಣಂತಿ ಕೋಣೆಗೆ ಕೇಂದ್ರ ಸರ್ಕಾರ ಬರುತ್ತಾ?"

ತುಪ್ಪದ ಗಿಂಡಿ ಹಿಡಿದು ಬಂದ ತಾಯಿ ಸೀತಮ್ಮ ಇಬ್ಬರನ್ನೂ ನೋಡಿದರು. "ಉಣ್ಣೋ ಹೊತ್ತಲ್ಲಿ ಎಂತ ಗಲಾಟೆ? ಬರ್ಕೊಡೇ ಮಾಲು. ಒಡಹುಟ್ಟಿದವನಿಗೆ ನಾಲ್ಕು ಸಾಲು ಬರ್ದ್ರೆ ನಿನ್ನ ಕೈ ಸವೆದು ಹೋಗುತ್ತಾ?"

"ಅಮ್ಮ, ನಿಂಗೆ ಇದು ಅರ್ಥ ಆಗಲ್ಲ."

"ಹೌದು, ನಂಗೆಂತದೂ ಅರ್ಥ ಆಗಲ್ಲ. ನಿನ್ನನ್ನ ಹೆತ್ತು ಓದಿಸಿದ್ದು ಮಾತ್ರ ಅರ್ಥ ಆಗಿ ಮಾಡಿದ್ದು," ಎಂದು ಸೀತಮ್ಮ ತುಪ್ಪವನ್ನು ಅನ್ನಕ್ಕೆ ಸುರಿದು ಹೊರಟುಹೋದರು. ಸಿಟ್ಟು ಬಂದಾಗಲೂ ತುಪ್ಪ ಕಡಿಮೆ ಮಾಡುವ ಹೆಂಗಸಲ್ಲ ಅವರು.

ಮಾಲವಿಕಾ ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ ಎಕ್ಸಾಮಿನರ್. ಯಾರಾದರೂ ಇದನ್ನು ನಾನೇ ಮೊದಲು ಕಂಡುಹಿಡಿದೆ ಎಂದು ಅರ್ಜಿ ಹಾಕಿದರೆ, ಅದು ನಿಜವಾಗಿ ಹೊಸದೇ, ಲೋಕದ ಬೇರೆ ಯಾವ ಮೂಲೆಯಲ್ಲೂ ಅದಕ್ಕೂ ಮುಂಚೆ ಯಾರೂ ಮಾಡಿಲ್ಲವೇ ಎಂದು ಹುಡುಕಿ ನೋಡುವುದು ಅವಳ ಕೆಲಸ. ಅವಳ ತವರೂರು ಬಣಕಲ್ಲಿನ ಮಟ್ಟಿಗೆ ಅದು ಠಸ್ಸೆ ಹೊಡೆಯುವ ಕೆಲಸ. ಠಸ್ಸೆ ಮನೆಮಗಳ ಕೈಯಲ್ಲೇ ಇರುವಾಗ ಅಣ್ಣನ ಅರ್ಜಿ ಮೂರು ವರ್ಷ ಯಾಕೆ ಕೊಳೆಯಬೇಕು ಎಂಬುದು ಮನೆಯವರ ಪ್ರಶ್ನೆ. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದವಳ ತಲೆಯ ಮೇಲೆ ಈಗ ದಿನಾ ಎಣ್ಣೆನೀರಿನ ಜೊತೆ ಈ ಪ್ರಶ್ನೆಯೂ ಬೀಳತೊಡಗಿತು.

ಯಶವಂತನ ಪೆಟ್ಟಿಗೆಯನ್ನು ಹಗುರವಾಗಿ ಕಾಣುವುದು ಬೇಡ. ಅದು ಎರಡು ಸಾವಿರದ ಎಂಟನೇ ಇಸವಿ. ಹೆದ್ದಾರಿಯ ಬದಿಗೆ, ಮನೆಯ ಮುಂದೆಯೇ ಅವನ ಬ್ಯಾಟರಿ ಅಂಗಡಿ. ಪೆಟ್ರೋಲು ಬೇಡದ ಬ್ಯಾಟರಿ ಸ್ಕೂಟರುಗಳನ್ನು ಆ ಸೀಮೆಗೆ ಮೊದಲು ತಂದು ಮಾರಿದವನು ಅವನೇ. ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ಡೈರಿಗೆ ಹಾಲು ಹಾಕುವವರು, ಶಾಲೆಯ ಮೇಷ್ಟರುಗಳು ಕೊಂಡರು. ದೇವರಮನೆ ಗುಡ್ಡದ ಏರು ಹತ್ತದಿದ್ದರೂ ಪೇಟೆಯೊಳಗೆ ಚೆನ್ನಾಗಿ ಓಡುತ್ತಿದ್ದವು. ತಾಪತ್ರಯವಿದ್ದದ್ದು ಕರೆಂಟಿನದು. ಸಂಜೆಯಾದರೆ ವೋಲ್ಟೇಜು ಇಳಿದು ಬಲ್ಬು ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ಬರುವ ಊರಿನಲ್ಲಿ ಎಲ್ಲ ಸ್ಕೂಟರುಗಳನ್ನೂ ಒಟ್ಟಿಗೆ ಚಾರ್ಜಿಗೆ ಹಾಕಿದರೆ ಟ್ರಾನ್ಸ್‌ಫಾರ್ಮರಿನ ಫ್ಯೂಸೇ ಹಾರುತ್ತಿತ್ತು. ಲೈನ್‌ಮನ್ ಕೆಂಚಯ್ಯ ಬಂದು ಬಾಯಿಗೆ ಬಂದಂತೆ ಬೈದು ಹೋಗುತ್ತಿದ್ದ.

ಅದಕ್ಕೆ ಯಶವಂತ ಒಂದು ಪೆಟ್ಟಿಗೆ ಮಾಡಿದ. ಸ್ಕೂಟರು ಬಿಟ್ಟುಹೋಗುವವನು ತಾನು ಎಷ್ಟು ಹೊತ್ತಿಗೆ ಹೊರಡಬೇಕೆಂದು ಅದರ ಗುಂಡಿ ತಿರುಗಿಸಿ ಹೇಳಬೇಕು. ಯಾರು ಮೊದಲು ಹೊರಡುತ್ತಾರೆ, ಯಾರ ಬ್ಯಾಟರಿ ಹೆಚ್ಚು ಬರಿದಾಗಿದೆ ಎಂದು ಪೆಟ್ಟಿಗೆ ನೋಡಿಕೊಂಡು ಸರದಿಯ ಪ್ರಕಾರ ಕರೆಂಟು ಹಂಚುತ್ತದೆ. ಹಾಲಿನವನದು ಮೊದಲು, ರೈಟರದು ಆಮೇಲೆ, ಮೇಷ್ಟರದು ಕೊನೆಗೆ. ಫ್ಯೂಸು ಹಾರುವುದು ನಿಂತಿತು. ಕೆಂಚಯ್ಯ ಬೈಯುವುದನ್ನು ಬಿಟ್ಟು ಅಂಗಡಿಯಲ್ಲಿ ಕೂತು ಎಲೆ ಅಡಿಕೆ ಹಾಕತೊಡಗಿದ. ಹಾಸನದ ಕಾರ್ಖಾನೆಯವನೊಬ್ಬ ಬಂದು ನೋಡಿ, ಪೇಟೆಂಟ್ ಕೈಗೆ ಬರಲಿ, ಸಾವಿರಗಟ್ಟಲೆ ಮಾಡಿ ಮಾರೋಣ ಎಂದು ಮಾತು ಕೊಟ್ಟು ಹೋಗಿದ್ದ. ಯಶವಂತನ ಆಸೆಯೆಲ್ಲ ಆ ಒಂದು ಮಾತಿಗೆ ಜೋತುಬಿದ್ದಿತ್ತು. ಆದರೆ ಚೆನ್ನಾಗಿ ಕೆಲಸ ಮಾಡುವುದು ಬೇರೆ, ಹೊಸದಾಗಿರುವುದು ಬೇರೆ. ಇದನ್ನು ಆ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ಒಬ್ಬಳಿಗಿದ್ದರೂ ಅವಳು ಹಾಸಿಗೆಯ ಮೇಲೆ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು.

ನೀಲಿ ಫೈಲು ಸ್ಟೂಲಿನ ಮೇಲೇ ಉಳಿಯಿತು. ಮಗುವಿಗೆ ಎರೆಯಲು ಬರುವ ವಸಂತಮ್ಮ ದಿನಾ ಅದನ್ನೆತ್ತಿ ಕಿಟಕಿಯಲ್ಲಿಡುವುದು, ಸೀತಮ್ಮ ಮತ್ತೆ ತಂದು ಸ್ಟೂಲಿನ ಮೇಲಿಡುವುದು ನಡೆಯಿತು. ಮಾಲವಿಕಾ ಮುಟ್ಟಲಿಲ್ಲ.

ಅತ್ತಿಗೆ ಅರ್ಪಿತಾಳ ತಾಳ್ಮೆ ವಾರದೊಳಗೆ ಮುಗಿಯಿತು. ಮನೆಮಂದಿಗೆ ಒಂದು ಅಡಿಗೆ, ಬಾಣಂತಿಗೆ ಒಂದು ಅಡಿಗೆ, ಹಂಡೆಗೆ ಉರಿ, ಒದ್ದೆ ಬಟ್ಟೆ, ಸಾಂಬ್ರಾಣಿ ಕೆಂಡ, ಎಲ್ಲಕ್ಕೂ ಅವಳೇ. ಒಂದು ಮಧ್ಯಾಹ್ನ ತಟ್ಟೆಯನ್ನು ಕುಕ್ಕಿದಳು. ಮನೆಮಂದಿಗೆ ಮಾಡಿದ ಬದನೆಕಾಯಿ ಹುಳಿಯನ್ನೇ ಬಡಿಸಿದ್ದಳು.

"ಅತ್ತಿಗೆ, ಬದನೆಕಾಯಿ ನಾನು ತಿನ್ನೋ ಹಾಗಿಲ್ವಲ್ಲ. ಮಗುವಿಗೆ ನಂಜಾಗುತ್ತೆ ಅಂತಾರೆ."

"ಹೌದಾ? ಅದೂ ನಿಮ್ಮ ಕಾನೂನಲ್ಲಿದೆಯಾ? ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ."

"ಸಿಟ್ಟಿದ್ರೆ ನೇರ ಹೇಳಿ."

"ನೇರಾನೇ ಹೇಳ್ತೀನಿ. ಮೂರು ವರ್ಷ ಆ ಪೆಟ್ಟಿಗೆ ಜೊತೆ ನಾನು ಸಂಸಾರ ಮಾಡಿದೀನಿ. ಊಟದ ಹೊತ್ತಲ್ಲೂ ವೈರು, ಮಲಗೋ ಹೊತ್ತಲ್ಲೂ ವೈರು. ಇವ್ರಿಗೆ ಇಂಗ್ಲಿಷಲ್ಲಿ ವಾದ ಮಾಡಕ್ಕೆ ಬರಲ್ಲ. ನಿಮಗೆ ಬರುತ್ತೆ. ಆದ್ರೆ ನೀವು ಮಾಡಲ್ಲ. ನಾನು ಮಾತ್ರ ನಿಮಗೆ ಬೇಯಿಸಿ ಹಾಕ್ಬೇಕು, ಅಲ್ದಾ?"

"ವಕೀಲರಿದಾರೆ, ಏಜೆಂಟರಿದಾರೆ. ಅವ್ರ ಹತ್ರ ಬರೆಸಿ."

"ಕೇಳಿದೀವಿ. ಬೆಂಗ್ಳೂರಿನ ಏಜೆಂಟು ಓದಿ ನೋಡಿ, ಕಷ್ಟ ಇದೆ ಅಂದ್ಬಿಟ್ಟ. ಅದಕ್ಕೇ ನಿಮ್ಮ ಕಾಲು ಹಿಡೀತಿರೋದು."

ಯಶವಂತ ಅಷ್ಟರಲ್ಲಿ ಅಂಗಡಿಯಿಂದ ಒಳಗೆ ಬಂದ. ಅವನ ಹಿಂದೆಯೇ ಅಪ್ಪ ವಿಷ್ಣುಮೂರ್ತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿ ಹತ್ತಿರದ ಜಾವಳಿಯಲ್ಲಿ ತುಂಡು ಕಾಫಿ ತೋಟ ನೋಡಿಕೊಂಡಿದ್ದವರು. ಊರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿತ್ತು.

"ಮೊದಲ ಆಕ್ಷೇಪ ಎಂತದು ಗೊತ್ತಾ ಅಪ್ಪ?" ಯಶವಂತ ತಂಗಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದ. "ಜಪಾನಿನ ಒಂದು ಬಂದರಲ್ಲಿ ಸರಕು ಎತ್ತೋ ಬ್ಯಾಟರಿ ಗಾಡಿಗಳಿಗೆ ಹೀಗೇ ಸರದಿ ಮೇಲೆ ಚಾರ್ಜು ಮಾಡ್ತಿದ್ರಂತೆ. ಇಪ್ಪತ್ತು ವರ್ಷದ ಹಿಂದೆ. ಅದಕ್ಕೇ ನಂದು ಹೊಸದಲ್ವಂತೆ. ಜಪಾನಿನವನು ಬಣಕಲ್ಲಿಗೆ ಬಂದಿದ್ನಾ? ನಾನು ಜಪಾನಿಗೆ ಹೋಗಿದ್ನಾ? ನನ್ನ ತಲೆಯಿಂದ ಬಂದಿದ್ದು ನಂದಲ್ದೆ ಇನ್ಯಾರದು?"

"ನಿನ್ನ ತಲೆಯಿಂದ್ಲೇ ಬಂದಿರ್ಬೋದು ಅಣ್ಣ. ಆದ್ರೆ ಇನ್ನೊಬ್ರು ಮೊದ್ಲೇ ಮಾಡಿದ್ರೆ ಅದು ಹೊಸದಲ್ಲ. ಯಾರು ನೋಡಿದ್ರೂ ಅಷ್ಟೇ. ಫೈಲು ನನ್ನ ಟೇಬಲ್ಲಿಗೆ ಬಂದಾಗ್ಲೇ..."

ಮಾಲವಿಕಾ ಅಲ್ಲಿಗೆ ನಿಲ್ಲಿಸಿದಳು. ನಿಲ್ಲಿಸಿದ್ದು ತಡವಾಯಿತು.

"ನಿನ್ನ ಟೇಬಲ್ಲಿಗೆ ಬಂದಿತ್ತಾ?" ಯಶವಂತನ ದನಿ ತಗ್ಗಿತು.

"ಬಂದಿತ್ತು. ನಿನ್ನ ಹೆಸರು ನೋಡಿದ ತಕ್ಷಣ ಇದು ನನ್ನ ಅಣ್ಣನ ಅರ್ಜಿ, ನಾನು ನೋಡಬಾರ್ದು ಅಂತ ಬರ್ದು ವಾಪಸ್ ಕೊಟ್ಟೆ. ಇನ್ನೊಬ್ರಿಗೆ ಹೋಯ್ತು."

ಯಶವಂತ ಮೊದಲು ಬೈಯಲಿಲ್ಲ. ಅವನ ಮುಖ ಸಣ್ಣಗಾಯಿತು. "ಅರ್ಜಿ ಹಾಕೋವಾಗ ನಿಂಗೆ ಹೇಳಿರ್ಲಿಲ್ಲ, ಗೊತ್ತಾ? ಎಂತಕ್ಕೆ ಗೊತ್ತಾ? ಒಂದಿನ ನಿನ್ನ ಟೇಬಲ್ ಮೇಲೆ ನನ್ನ ಹೆಸರು ಬರುತ್ತೆ, ನಿಂಗೆ ಖುಷಿಯಾಗುತ್ತೆ ಅಂತ. ಬಂತು. ನೀನು ಹೆಸರು ನೋಡಿ ಆಚೆ ತಳ್ಳಿದೆ."

"ಅಣ್ಣ, ಅದು ಹಾಗಲ್ಲ."

"ಥೂ!" ಎಂದು ಅವನು ಹೊರಗೆ ಹೋದ. ಅರ್ಪಿತಾ ಬದನೆಕಾಯಿಯ ತಟ್ಟೆಯನ್ನು ಅಲ್ಲೇ ಬಿಟ್ಟು ಗಂಡನ ಹಿಂದೆ ನಡೆದಳು. ಅಂದು ಮಾಲವಿಕಾ ಬರೀ ಅನ್ನಕ್ಕೆ ಉಪ್ಪು ತುಪ್ಪ ಹಾಕಿಕೊಂಡು ಉಂಡಳು, ಅತ್ತುಕೊಂಡೇ ಉಂಡಳು.

ಆಮೇಲೆ ಮನೆಯಲ್ಲಿ ಅವಳೊಡನೆ ಮಾತಾಡುವವರು ವಸಂತಮ್ಮ ಒಬ್ಬಳೇ ಆದಳು. ಸೀತಮ್ಮ ಬೇಕಾದ್ದನ್ನು ತಂದಿಟ್ಟು ಗೋಡೆ ನೋಡಿಕೊಂಡು ಹೋಗುವರು. ವಿಷ್ಣುಮೂರ್ತಿ ಬಾಗಿಲಲ್ಲಿ ನಿಂತು ಮೊಮ್ಮಗಳನ್ನು ಮಾತಾಡಿಸುವರು, ಮಗಳನ್ನಲ್ಲ.

ಆದರೆ ಮೇಷ್ಟ್ರು ಸುಮ್ಮನೆ ಕೂರುವ ಪೈಕಿಯಲ್ಲ. ವರದಿಯ ಕೊನೆಯಲ್ಲಿ ಅದನ್ನು ಬರೆದ ಎಕ್ಸಾಮಿನರ ಹೆಸರಿತ್ತು. ಅದನ್ನು ಕನ್ನಡಕ ಹಾಕಿಕೊಂಡು ಓದಿದರು.

"ಈ ಮನುಷ್ಯನಿಗೆ ನಾವು ಯಾರು ಅಂತ್ಲೇ ಗೊತ್ತಿಲ್ಲ. ಒಂದು ಪರಿಚಯದ ಮಾತು ಬರೀಬೇಕು. ಬರೀ ಕೈಯಲ್ಲಿ ಬರೆದ್ರೆ ಚೆನ್ನಾಗಿರಲ್ಲ," ಎಂದರು ಮಗನ ಹತ್ತಿರ.

ಈ ಕಡೆ ಯಾರ ಮನೆಗೆ, ಯಾವ ಕಚೇರಿಗೆ ಹೋಗುವುದಿದ್ದರೂ ಕೈಯಲ್ಲಿ ಸ್ವಂತ ತೋಟದ ಕಾಫಿಪುಡಿಯ ಪೊಟ್ಟಣವಿರಬೇಕು. ಡಾಕ್ಟರಿಗೆ, ಬ್ಯಾಂಕಿನವರಿಗೆ, ಮಗನಿಗೆ ಹೆಣ್ಣು ನೋಡಲು ಹೋದ ಮನೆಗೆ, ಎಲ್ಲರಿಗೂ ಅದೇ. ಅದನ್ನು ಯಾರೂ ಲಂಚ ಎನ್ನುವುದಿಲ್ಲ. ಲಂಚ ಬೇರೆ, ಅದನ್ನು ಕವರಿನಲ್ಲಿ ಕೊಡುತ್ತಾರೆ, ಕೊಟ್ಟವರೇ ಆಮೇಲೆ ತಿಂಗಳುಗಟ್ಟಲೆ ಬೈದುಕೊಳ್ಳುತ್ತಾರೆ. ಕಾಫಿಪುಡಿ ಕೊಟ್ಟವರು ಬೈದುಕೊಂಡದ್ದಿಲ್ಲ. ಜೀವಮಾನದಲ್ಲಿ ಯಾವ ಹುಡುಗನಿಗೂ ಅರ್ಧ ಅಂಕ ಪುಕ್ಕಟೆ ಹಾಕದ ಮೇಷ್ಟ್ರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಹಿತ್ತಿಲಿನ ಒಲೆಯ ಮೇಲೆ ಸೀತಮ್ಮ ಬೀಜ ಹುರಿದರು. ಅರ್ಪಿತಾ ಪುಡಿ ಮಾಡಿಸಿ ತಂದಳು. ಜೊತೆಗೆ ಕಾಳುಮೆಣಸು, ಏಲಕ್ಕಿ, ಒಂದು ಬಾಟಲಿ ಜೇನು. ಮೇಷ್ಟ್ರು ಮುತ್ತಿನಂಥ ಅಕ್ಷರದಲ್ಲಿ ಇಂಗ್ಲಿಷ್ ಪತ್ರ ಬರೆದರು. ತಮ್ಮ ಸಹೋದ್ಯೋಗಿ ಮಾಲವಿಕಾಳ ತಂದೆ ನಾನು, ನನ್ನ ಮಗನ ಅರ್ಜಿಯ ನಂಬರು ಇಂಥದ್ದು, ನನ್ನ ಮಗಳು ಈಗಾಗಲೇ ತಮಗೆ ಹೇಳಿರುವಂತೆ ದಯವಿಟ್ಟು ಸಹಾನುಭೂತಿಯಿಂದ ನೋಡಬೇಕು ಎಂದು. ಮಗಳು ಯಾರಿಗೂ ಏನೂ ಹೇಳಿರಲಿಲ್ಲ. ಪತ್ರಕ್ಕೊಂದು ವಿನಯ ಬರಲಿ ಎಂದು ಸೇರಿಸಿದ ಮಾತು ಅದು.

ಹುರಿದ ವಾಸನೆ ಕೋಣೆಯವರೆಗೂ ಬಂತು. "ಇಷ್ಟೊಂದು ಕಾಫಿ ಯಾರಿಗಮ್ಮ?" ಎಂದು ಮಾಲವಿಕಾ ಕೇಳಿದಳು.

"ಯಾರಿಗಾದ್ರೂ ಆಗ್ಲಿ. ನಿಂಗಂತೂ ಅಲ್ಲ," ಎಂದರು ಸೀತಮ್ಮ. ಪಾರ್ಸಲ್ಲು ಮೂಡಿಗೆರೆಯ ಕೊರಿಯರಿನಲ್ಲಿ ಚೆನ್ನೈಗೆ ಹೋಯಿತು.

ಫೋನು ಬಂದದ್ದು ಕಾಫಿಗೆ ಹೂ ತರಿಸುವ ಹೂಮಳೆ ಬಿದ್ದ ಮಾರನೆಯ ದಿನ. ಮಾಲವಿಕಾಳ ಮೇಲಧಿಕಾರಿ ಮಾತಾಡಿದರು. ಅವಳು ಹಜಾರದ ಕಂಬಕ್ಕೆ ಒರಗಿ ನಿಂತು, ಎಸ್ ಸರ್, ನೋ ಸರ್, ಐ ಡಿಡ್ ನಾಟ್ ನೋ ಸರ್ ಎನ್ನುತ್ತಿದ್ದುದನ್ನು ಮನೆಯವರೆಲ್ಲ ಕೇಳಿಸಿಕೊಂಡರು. ಎಕ್ಸಾಮಿನರು ಪಾರ್ಸಲ್ಲನ್ನು ಬಿಚ್ಚಿದವರೇ ಪತ್ರದ ಸಮೇತ ಮೇಲಿನವರಿಗೆ ಒಪ್ಪಿಸಿದ್ದರು. ನಿನ್ನ ಅಣ್ಣನ ಪರವಾಗಿ ನೀನು ಸಹೋದ್ಯೋಗಿಯ ಹತ್ತಿರ ಶಿಫಾರಸು ಮಾಡಿದ್ದು ನಿಜವೇ ಎಂದು ಮೆಮೊ ಹೊರಟಿತ್ತು. ಎರಡು ವಾರದೊಳಗೆ ಉತ್ತರ ಕೊಡಬೇಕು. ತೃಪ್ತಿಯಾಗದಿದ್ದರೆ ಸಸ್ಪೆಂಡು.

ಫೋನಿಟ್ಟು ಅವಳು ತಿರುಗಿದಳು. "ಪಾರ್ಸಲ್ಲು ಎಂತಕ್ಕೆ ಕಳ್ಸಿದ್ರಿ?"

"ಒಂದು ಮರ್ಯಾದೆಗೆ ಅಂತ..." ವಿಷ್ಣುಮೂರ್ತಿ ತೊದಲಿದರು.

"ನಾನು ಹೇಳಿರುವಂತೆ ಅಂತ ಬರೆದಿದ್ದೀರಲ್ಲ ಅಪ್ಪ! ನಾನು ಯಾವಾಗ ಹೇಳಿದೆ? ಯಾರಿಗೆ ಹೇಳಿದೆ?"

"ಹಾಗೆ ಬರೆಯೋದು ವಾಡಿಕೆ."

"ವಾಡಿಕೆ! ನನ್ನ ಅನ್ನಕ್ಕೆ ಮಣ್ಣು ಹಾಕಿದ್ರಿ. ಎಲ್ಲರೂ ಸೇರಿ ಹಾಕಿದ್ರಿ. ಅಮ್ಮ ಹುರಿದ್ಲು, ಅತ್ತಿಗೆ ಪುಡಿ ಮಾಡ್ಸಿದ್ರು, ನೀವು ಬರೆದ್ರಿ. ನಾನು ಒಳಗೆ ಮಗು ಇಟ್ಕೊಂಡು ಮಲಗಿದ್ದೆ!"

"ಕೂಗ್ಬೇಡ. ಹಸಿ ಮೈ," ಎಂದರು ಸೀತಮ್ಮ. ಮಾಲವಿಕಾ ಇನ್ನೂ ಜೋರಾಗಿ ಕೂಗಿದಳು. ತೊಟ್ಟಿಲಲ್ಲಿ ಮಗು ಎದ್ದು ಅಳತೊಡಗಿತು. ಹೆದ್ದಾರಿಯಲ್ಲಿ ಬಸ್ಸಿಗೆ ಕಾದು ನಿಂತವರು ಮನೆಯ ಕಡೆ ತಿರುಗಿ ನೋಡಿದರು.

ಉಪಾಯ ಹೇಳಿದವನು ಮಾಲವಿಕಾಳ ಗಂಡ ಪ್ರಸಾದ. ಚೆನ್ನೈಯ ಬ್ಯಾಂಕಿನಲ್ಲಿ ಕೆಲಸ; ಎಲ್ಲಕ್ಕೂ ದಾಖಲೆ ಇದ್ದರೆ ಮುಗಿಯಿತು ಎನ್ನುವ ಮನುಷ್ಯ. ಫೋನಿನಲ್ಲಿ ಹೇಳಿದ: ಮಾವನಿಗೆ ವಯಸ್ಸಾಗಿದೆ, ಬುದ್ಧಿ ಸ್ತಿಮಿತದಲ್ಲಿಲ್ಲ, ಏನು ಬರೆಯುತ್ತಾರೋ ಅವರಿಗೇ ತಿಳಿಯದು ಎಂದು ಡಾಕ್ಟರ ಸರ್ಟಿಫಿಕೇಟ್ ತೆಗೆದುಕೊಂಡು ಉತ್ತರದ ಜೊತೆ ಇಡು. ಅಲ್ಲಿಗೆ ಮುಚ್ಚಿಹೋಗುತ್ತದೆ.

ಇದು ಯಶವಂತನಿಗೆ ಬಹಳ ಹಿಡಿಸಿತು. ತಂಗಿಯೊಡನೆ ಮಾತು ಬಿಟ್ಟಿದ್ದವನು ಊಟದ ಹೊತ್ತಿಗೆ ತಾನಾಗಿ ಬಾಯಿ ತೆರೆದ. ಎಲ್ಲರೂ ಹಜಾರದಲ್ಲಿ ಕೂತಿದ್ದರು. ಮಾಲವಿಕಾಳ ತಟ್ಟೆ ಕೋಣೆಯ ಹೊಸ್ತಿಲ ಒಳಗಿತ್ತು.

"ಭಾವ ಹೇಳಿದ್ದು ಸರಿ ಇದೆ. ತಲೆ ಕೆಟ್ಟ ಮುದುಕ ಬರ್ದಿದ್ದು ಅಂದ್ರೆ ಇವಳ ಕೆಲಸಾನೂ ಉಳಿಯುತ್ತೆ, ನನ್ನ ಅರ್ಜಿಗೂ ಕಪ್ಪು ಹತ್ತಲ್ಲ. ಮೂಡಿಗೆರೆ ಡಾಕ್ಟರು ಅಪ್ಪನ ಶಿಷ್ಯನೇ. ಸಂಜೆ ಕರ್ಕೊಂಡ್ ಹೋಗ್ತೀನಿ."

ವಿಷ್ಣುಮೂರ್ತಿ ಮಜ್ಜಿಗೆಯ ಲೋಟ ಕೆಳಗಿಟ್ಟರು. "ಅವ್ನಾ? ಗಣಿತದಲ್ಲಿ ಅವನನ್ನ ದಾಟಿಸೋದ್ರಲ್ಲಿ ನನ್ನ ಅರ್ಧ ಕೂದ್ಲು ಉದುರಿತ್ತು. ಅವ್ನು ನನ್ನ ತಲೆಗೆ ಸರ್ಟಿಫಿಕೇಟ್ ಕೊಡ್ತಾನಾ?"

"ನಗೋ ವಿಷಯ ಅಲ್ಲ ಅಪ್ಪ."

"ನಾನು ನಗ್ತಾ ಇಲ್ಲ. ನೀನು ನನ್ನನ್ನ ತಲೆ ಕೆಟ್ಟ ಮುದುಕ ಅಂದೆ. ನಿನ್ನ ಹೆಂಡ್ತಿ ಮುಂದೆ ಅಂದೆ."

"ಕಾಗದದಲ್ಲಿ ಮಾತ್ರ ಮಾವ," ಎಂದಳು ಅರ್ಪಿತಾ. "ನಾವ್ಯಾರೂ ಹಾಗೆ ಅಂದ್ಕೊಳಲ್ಲ."

"ಕಾಗದದಲ್ಲಿ ಬಂದ್ಮೇಲೆ ಉಳಿದಿದ್ದೆಂತದಮ್ಮ? ನಾಳೆ ನಾನು ತೋಟದ ಪತ್ರಕ್ಕೆ ಸಹಿ ಹಾಕಿದ್ರೂ ಹುಚ್ಚನ ಸಹಿ." ಅವರು ಕೋಣೆಯ ಕಡೆ ತಿರುಗಿದರು. "ಮಾಲೂ, ನೀನೆಂತ ಹೇಳ್ತೀಯ?"

ಮಾಲವಿಕಾ ತಟ್ಟೆ ನೋಡುತ್ತ ಕೂತಿದ್ದಳು. ಬೇಡ ಎನ್ನಬಹುದಿತ್ತು. ಯಾವ ಮಗಳಾದರೂ ಎನ್ನುತ್ತಿದ್ದಳು ಎಂದು ನಾವು ನೀವು ಹೇಳುವುದು ಸುಲಭ. ಅವಳಿಗೆ ಆ ಕೆಲಸ ಸುಮ್ಮನೆ ಸಿಕ್ಕಿರಲಿಲ್ಲ.

"ನಂಗೆ ಕೆಲಸ ಬೇಕು ಅಪ್ಪ," ಎಂದಳು.

ವಿಷ್ಣುಮೂರ್ತಿ ಕೈ ತೊಳೆದು ಎದ್ದುಹೋದರು. ಅವರ ಹಿಂದೆ ಯಶವಂತನೂ ಎದ್ದ. ಹೊಸ್ತಿಲ ಹತ್ತಿರ ನಿಂತು ತಂಗಿಗೆ ಹೇಳಿದ, "ಅಪ್ಪ ಒಪ್ಪದಿದ್ರೆ ಇನ್ನೊಂದು ದಾರಿ ಇದೆ. ಪಾರ್ಸಲ್ಲು ಕಳ್ಸಿದ್ದು ನಾವು, ಇವಳಿಗೆ ಗೊತ್ತಿಲ್ಲ ಅಂತ ನಾನು ಬರ್ಕೊಡ್ತೀನಿ. ಬರೆದ್ರೆ ನನ್ನ ಅರ್ಜಿ ಕೆಡುತ್ತೆ, ಅದು ನಂಗೊತ್ತು. ಅದಕ್ಕೆ ಬದಲು ನೀನು ಆ ಐದು ಆಕ್ಷೇಪಕ್ಕೆ ಉತ್ತರ ಬರ್ಕೊಡು. ಲೆಕ್ಕ ಚುಕ್ತ."

"ಒಂದು ತಪ್ಪು ಮುಚ್ಚೋಕೆ ಇನ್ನೊಂದಾ?"

"ನಿಂಗೆ ಎಲ್ಲಾ ತಪ್ಪೇ. ನಾವು ಹುಟ್ಟಿದ್ದೂ ತಪ್ಪು."

ಆಗ ಮಾಲವಿಕಾ ಇಷ್ಟು ದಿನ ನುಂಗಿಕೊಂಡಿದ್ದನ್ನು ಉಗುಳಿಬಿಟ್ಟಳು. "ಉತ್ತರ ಬರ್ದ್ರೂ ಆಗಲ್ಲ, ಕೇಳು. ನಿನ್ನ ಪೆಟ್ಟಿಗೆ ಹೊಸದಲ್ಲ. ನಾನಲ್ಲ, ಯಾರು ಬರೆದ್ರೂ ಅದು ಪಾಸಾಗಲ್ಲ. ಆ ಹಾಸನದವನನ್ನ ಕಾಯೋದು ಬಿಡು. ಪೆಟ್ಟಿಗೆ ಚೆನ್ನಾಗಿದೆ, ಇಲ್ಲೇ ಮಾಡಿ ಮಾರು. ಪೇಟೆಂಟ್ ಮಾತ್ರ ಸಿಗಲ್ಲ."

ಯಶವಂತ ಅವಳನ್ನೇ ನೋಡುತ್ತ ನಿಂತ. "ನಿನ್ನ ಹಾಲು ಕುಡಿಯೋ ಮಗು ಇದೆ ಅಂತ ಸುಮ್ನಿದೀನಿ," ಎಂದು ಸ್ಟೂಲಿನ ಮೇಲಿದ್ದ ಫೈಲನ್ನು ಕಿತ್ತುಕೊಂಡು ಹೋದ.

ಮಾರನೆಯ ಬೆಳಿಗ್ಗೆ ವಿಷ್ಣುಮೂರ್ತಿ ಸ್ನಾನ ಸಂಧ್ಯಾವಂದನೆ ಮುಗಿಸಿ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತರು. ಎಲ್ಲರಿಗೂ ಕೇಳುವಂತೆ, ತರಗತಿಯಲ್ಲಿ ಉಕ್ತಲೇಖನ ಹೇಳುವ ದನಿಯಲ್ಲಿ, ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ಇಂಗ್ಲಿಷಿನಲ್ಲಿ ಬರೆದರು.

"ನಾನು ಪೂರ್ಣ ಆರೋಗ್ಯದಲ್ಲಿದ್ದೇನೆ. ನನ್ನ ಬುದ್ಧಿ ಸರಿಯಾಗಿದೆ. ಆ ಪಾರ್ಸಲ್ಲನ್ನು ನನ್ನ ಮಗನಿಗೆ ಅನುಕೂಲವಾಗಲಿ ಎಂದು ನಾನೇ ಕಳುಹಿಸಿದೆ."

"ಅಪ್ಪ, ನಿಲ್ಸಿ." ಯಶವಂತ ಅಂಗಡಿಯಿಂದ ಓಡಿಬಂದ.

"ನನ್ನ ಹೆಂಡತಿಗೆ, ಮಗನಿಗೆ, ಸೊಸೆಗೆ ಗೊತ್ತಿತ್ತು. ಮಗಳಿಗೆ ಗೊತ್ತಿರಲಿಲ್ಲ. ಅವಳಿಂದ ಮುಚ್ಚಿಟ್ಟೆವು."

"ನಿಲ್ಸಿ ಅಂದ್ನಲ್ಲ! ನನ್ನನ್ನ ಯಾಕೆ ಎಳೀತೀರಿ? ನಂಗೆ ಅನುಕೂಲ ಆಗ್ಲಿ ಅಂತ ಬರೆದ್ರೆ ಹಾಸನದವನು ಮನೆ ಬಾಗ್ಲಿಗೂ ಬರಲ್ಲ."

"ಮಗಳು ನಿಮಗೆ ಹೇಳಿರುವಂತೆ ಎಂದು ನಾನು ಬರೆದದ್ದು ಸುಳ್ಳು." ಅವರು ತಲೆಯೆತ್ತದೆ ಬರೆದರು. ಯಶವಂತ ಕಾಗದಕ್ಕೆ ಕೈ ಹಾಕಿದ. ಸೀತಮ್ಮ ಒಳಗಿಂದ ಬಂದು ಅವನ ರಟ್ಟೆ ಹಿಡಿದರು.

"ಬಿಡು ಅಮ್ಮ. ನಿಂಗೂ ಮಗಳೇ ಹೆಚ್ಚಾದ್ಲಾ?"

"ಯಾರೂ ಹೆಚ್ಚಲ್ಲ. ನೀವೆಲ್ಲ ಸೇರಿ ಇವ್ರನ್ನ ಹುಚ್ಚ ಅಂದ್ರಿ. ಅದನ್ನ ನಾನು ಕೇಳ್ಕೊಂಡು ಮಜ್ಜಿಗೆ ಬಡಿಸ್ದೆ. ಇನ್ನು ಸಾಕು."

ಮೇಷ್ಟ್ರು ಸಹಿ ಹಾಕಿ, ಛತ್ರಿ ತೆಗೆದುಕೊಂಡು, ಮೂಡಿಗೆರೆಯ ಬಸ್ಸು ಹತ್ತಿದರು. ರಿಜಿಸ್ಟರ್ ಪೋಸ್ಟಿನಲ್ಲಿ ತಾವೇ ಹಾಕಿ ಬಂದರು. ಮನೆಯಿಂದ ಹೊರಡುವಾಗಲೂ, ತಿರುಗಿ ಬಂದಾಗಲೂ ಮಗಳ ಕೋಣೆಯ ಕಡೆ ನೋಡಲಿಲ್ಲ. ಅವಳಿಗೆ ಉಪಕಾರ ಮಾಡಿದವರ ಮುಖ ಅಲ್ಲ ಅದು. ತಮ್ಮ ಮರ್ಯಾದೆ ತಾವು ಉಳಿಸಿಕೊಂಡವರ ಮುಖ.

ಆ ವಾರವೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಯಶವಂತ ಬೇರೆ ಗ್ಯಾಸು ಒಲೆ ಹೂಡಿದ. ಒಂದೇ ಮನೆಯಲ್ಲಿ ಎರಡು ಒಗ್ಗರಣೆಯ ಸದ್ದು ಕೇಳತೊಡಗಿತು. ಅರ್ಪಿತಾ ಅತ್ತೆಯ ಅಡಿಗೆಮನೆಯಿಂದ ತನ್ನ ತವರಿನ ಪಾತ್ರೆಗಳನ್ನಷ್ಟೇ ಆರಿಸಿ ಒಯ್ದಳು. ಬಾಣಂತಿಯ ಪಥ್ಯ, ಹಂಡೆಯ ಉರಿ, ಬಟ್ಟೆ, ಎಲ್ಲ ಸೀತಮ್ಮನ ಮೇಲೆ ಬಿತ್ತು. ಸೊಂಟ ಹಿಡಿದುಕೊಂಡೇ ಮಾಡಿದರು. ಮಾಲವಿಕಾ ನೀರು ಕಾಯಿಸಲು ಎದ್ದರೆ, "ಮಲಗು ಹೋಗು. ನಾಳೆ ಬೆನ್ನು ನೋವು ಅಂತ ನನ್ನ ಹೆಸರು ಹೇಳ್ಬೇಡ," ಎಂದು ಗದರುವರು.

ಚೆನ್ನೈಯಿಂದ ಉತ್ತರ ಬಂತು. ಅರ್ಜಿ ತನ್ನ ಅಣ್ಣನದೆಂದು ಅವಳು ಮೊದಲೇ ಬರೆದುಕೊಟ್ಟಿದ್ದು ದಾಖಲೆಯಲ್ಲಿತ್ತು. ತಂದೆಯ ಹೇಳಿಕೆಯೂ ಸೇರಿತು. ಇನ್ನು ಮುಂದೆ ಎಚ್ಚರಿಕೆಯಿಂದಿರುವಂತೆ ಹೇಳಿ ಮೆಮೊ ಮುಕ್ತಾಯ ಮಾಡಿದ್ದರು. ಅವಳ ಕೆಲಸ ಉಳಿಯಿತು. ಮನೆಯಲ್ಲಿ ಯಾರೂ ಒಳ್ಳೆಯದಾಯಿತು ಎನ್ನಲಿಲ್ಲ. ಹಾಸನದವನು ವಿಷಯ ಕೇಳಿ ಫೋನು ಎತ್ತುವುದನ್ನು ನಿಲ್ಲಿಸಿದ. ಯಶವಂತ ಆಕ್ಷೇಪಗಳಿಗೆ ಉತ್ತರ ಕೊಡಲಿಲ್ಲ. ಗಡುವು ಮುಗಿದು ಅರ್ಜಿ ತಾನಾಗಿ ಬಿದ್ದುಹೋಗಲಿ ಎಂದು ಬಿಟ್ಟ. ಪೆಟ್ಟಿಗೆ ಮಾತ್ರ ಅಂಗಡಿಯಲ್ಲಿ ಎಂದಿನಂತೆ ಸರದಿ ಹಂಚುತ್ತಿತ್ತು.

ಮೂರನೆಯ ತಿಂಗಳಲ್ಲಿ ಪ್ರಸಾದ ಹೆಂಡತಿ ಮಗುವನ್ನು ಕರೆದೊಯ್ಯಲು ಬಂದ. ಹೊರಡುವ ಮುಂಚೆ ಮಗುವಿನ ಕಿವಿ ಚುಚ್ಚಿಸಬೇಕಿತ್ತು. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಕಿವಿಗೆ ಹಾಕುವ ಟಿಕ್ಕಿ ಅವನೇ ತರಬೇಕು. ಯಶವಂತ ಬರುತ್ತಾನೋ ಇಲ್ಲವೋ ಎಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಮೂಡಿಗೆರೆಯಿಂದ ಆಚಾರಿ ಬಂದು ಹಜಾರದಲ್ಲಿ ಚಾಪೆ ಹಾಸಿ ಕೂತ. ಸೀತಮ್ಮ ಅಂಗಡಿಯ ಬಾಗಿಲು ನೋಡುತ್ತ ನಿಂತರು.

"ಸೋದರಮಾವ ಬರದಿದ್ರೆ ಅಜ್ಜನೇ ಕೂರಿಸ್ಕೊಳ್ಳಲಿ. ಅದಕ್ಕೂ ನಡೆಯುತ್ತೆ," ಎಂದ ಪ್ರಸಾದ.

"ನಡೆಯಲ್ಲ," ಎಂದರು ಸೀತಮ್ಮ.

ಯಶವಂತ ಬಂದ. ಮಡಿಪಂಚೆ ಉಟ್ಟಿದ್ದ, ಹಣೆಯಲ್ಲಿ ಕುಂಕುಮವಿತ್ತು. ಹಿಂದೆ ಅರ್ಪಿತಾ ರೇಷ್ಮೆ ಸೀರೆಯಲ್ಲಿ ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಹಣ್ಣು, ಹೂವು, ಮಗುವಿಗೊಂದು ಫ್ರಾಕು, ಚಿಕ್ಕ ಡಬ್ಬಿಯಲ್ಲಿ ಚಿನ್ನದ ಟಿಕ್ಕಿ. ಮಾಲವಿಕಾಳ ಕಣ್ಣು ತುಂಬಿತು. ಅವನು ಯಾರನ್ನೂ ನೋಡದೆ ಮಣೆಯ ಮೇಲೆ ಕೂತು ಕೈ ಚಾಚಿದ. ಅವಳು ಮಗುವನ್ನು ಕೊಟ್ಟಳು.

ಅವನು ಮಗುವಿನ ತಲೆಯನ್ನು ಎದೆಗೆ ಒತ್ತಿ ಹಿಡಿದ. ಸೂಜಿ ಇಳಿದಾಗ ಮಗು ಕಿರುಚಿತು. "ಆಯ್ತು ಪುಟ್ಟಿ, ಆಯ್ತು ಚಿನ್ನ, ಮಾವ ಇದೀನಲ್ಲ," ಎಂದು ಅವನು ಗೊಣಗುತ್ತ ಬೆನ್ನು ಸವರಿದ. ಎರಡನೆಯ ಕಿವಿಗೂ ಹಾಗೇ ಹಿಡಿದ. ಮುಗಿದ ಮೇಲೆ ಪಂಚೆಯ ಅಂಚಿನಿಂದ ಅದರ ಕಣ್ಣು ಒರೆಸಿ, ಬಾಯಿಗೆ ಸಕ್ಕರೆಯ ನೀರು ಸೋಕಿಸಿ, ಅಳು ನಿಲ್ಲುವವರೆಗೂ ತೊಡೆಯ ಮೇಲೇ ಇಟ್ಟುಕೊಂಡ.

"ಅಣ್ಣ," ಎಂದಳು ಮಾಲವಿಕಾ.

ಅವನು ಎದ್ದು ಮಗುವನ್ನು ಅವಳ ಕೈಗಿಟ್ಟ. ಫೈಲು ಹಿಡಿದು ಬಂದ ದಿನದಿಂದ ಇಲ್ಲಿಯವರೆಗೆ ಅಷ್ಟು ಶಾಂತವಾಗಿ ಅವನು ಮಾತಾಡಿರಲಿಲ್ಲ.

"ಇವಳಿಗೆ ಸೋದರಮಾವ ಇದಾನೆ. ಆರತಿಗೆ, ಮದುವೆಗೆ, ಯಾವಾಗ ಬೇಕಾದ್ರೂ ಹೇಳಿ ಕಳ್ಸು, ಬರ್ತೀನಿ. ನಿಂಗೆ ಅಣ್ಣ ಇಲ್ಲ."

ಮಾಲವಿಕಾ ಅಪ್ಪನ ಕಡೆ ನೋಡಿದಳು. ವಿಷ್ಣುಮೂರ್ತಿ ಆಚಾರಿಗೆ ಕೊಡಲು ವೀಳ್ಯದೆಲೆ ಜೋಡಿಸುತ್ತಿದ್ದರು. ಅಮ್ಮನ ಕಡೆ ನೋಡಿದಳು. ಸೀತಮ್ಮ ಕಣ್ಣೊರೆಸಿಕೊಂಡು, "ಎಲ್ರೂ ಊಟಕ್ಕೆ ಏಳಿ, ಬಸ್ಸಿಗೆ ಹೊತ್ತಾಗುತ್ತೆ," ಎಂದರು. ಯಶವಂತ ಊಟಕ್ಕೆ ನಿಲ್ಲಲಿಲ್ಲ. ಚಾರ್ಜಿಗೆ ಸ್ಕೂಟರು ಬಿಡಲು ಬಂದವರು ಹೊರಗೆ ಕಾಯುತ್ತಿದ್ದಾರೆ ಎಂದು ಹೇಳಿ ಅಂಗಡಿಗೆ ಹೋದ.